ಗಾಲಿಕುರ್ಚಿ ಬಂತು, ಬಾಗಿಲು ಸಾಲಲಿಲ್ಲ

ಸಿವಿಲ್ ಎಂಜಿನಿಯರಿಂಗ್ ಓದುವವರಿಗೆ ರ‍್ಯಾಂಪ್ ಎನ್ನುವುದು ಪರೀಕ್ಷೆಯಲ್ಲಿ ಬರುವ ಎರಡು ಅಂಕದ ಪ್ರಶ್ನೆ. ಇಳಿಜಾರು 1:12 ಎಂದು ಬರೆದರೆ ಮುಗಿಯಿತು. ಅಂದರೆ ಒಂದು ಅಡಿ ಎತ್ತರ ಏರಲು 12 ಅಡಿ ಉದ್ದದ ಹಾದಿ ಬೇಕು. ನಮ್ಮ ಮನೆಯ ಜಗಲಿ ಅಂಗಳದಿಂದ ಎರಡೂವರೆ ಅಡಿ ಎತ್ತರದಲ್ಲಿದೆ. ಲೆಕ್ಕ ಹಾಕಿದರೆ 30 ಅಡಿ ರ‍್ಯಾಂಪ್. ಅಂಗಳ ಇರುವುದು 14 ಅಡಿ, ಅದರಾಚೆ ರಸ್ತೆ!

ಅಪ್ಪನಿಗೆ ಇರುವುದು ಲಿಂಬ್ ಗರ್ಡಲ್ ಮಸ್ಕ್ಯುಲರ್ ಡಿಸ್ಟ್ರೊಫಿ. ಸೊಂಟ ಮತ್ತು ಭುಜದ ಸುತ್ತಲಿನ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೊರಗುತ್ತಾ ಹೋಗುವ, ವಂಶವಾಹಿಯಿಂದ ಬರುವ ಕಾಯಿಲೆ. 2019ರಲ್ಲಿ ನಿಮ್ಹಾನ್ಸ್‌ನಲ್ಲಿ ಗೊತ್ತಾದಾಗ ನಾನು ಒಂಬತ್ತನೇ ತರಗತಿ. ಅಪ್ಪ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಾಗಾಗಿ ನಮ್ಮ ಮನೆಯ ಬಾಗಿಲು, ಬಚ್ಚಲು, ನೆಲ ಎಲ್ಲವೂ ಅಪ್ಪನ ದುಡಿಮೆಯ ಪ್ರಶ್ನೆಯೂ ಹೌದು. ಬೆಳಿಗ್ಗೆ ಬಚ್ಚಲಿಗೆ ಹೋಗಿ ಬರುವುದರಲ್ಲೇ ಅರ್ಧ ಶಕ್ತಿ ಖರ್ಚಾದರೆ ಆ ದಿನ ಎರಡು ರವಿಕೆ ಕಡಿಮೆ.

ಅಪಘಾತದಲ್ಲಿ ಕಾಲು ಕಳೆದುಕೊಂಡವರ ಮನೆಯನ್ನು ಸಾಮಾನ್ಯವಾಗಿ ಒಂದು ಸಲ ಬದಲಾಯಿಸಿದರೆ ಸಾಕು. ದಿನೇ ದಿನೇ ಹೆಚ್ಚುವ ಕಾಯಿಲೆಯಲ್ಲಿ ಹಾಗಲ್ಲ. 2020ರಲ್ಲಿ ಅಪ್ಪನಿಗೆ ಕುಕ್ಕರುಗಾಲಲ್ಲಿ ಕೂತರೆ ಏಳಲು ಆಗುತ್ತಿರಲಿಲ್ಲ. ಕಮೋಡ್ ಹಾಕಿಸಿ, ಜಾರುವ ಚಪ್ಪಡಿ ತೆಗೆಸಿ, ಗೋಡೆಗೆ ಸ್ಟೀಲ್ ಹಿಡಿಕೆ ಕೂರಿಸಿದೆವು. 36 ಸಾವಿರ ಆಯಿತು. ಅಮ್ಮ ಚೀಟಿ ಎತ್ತಿದರು. ಮೂರು ವರ್ಷ ಚೆನ್ನಾಗಿಯೇ ನಡೆಯಿತು.

2023ರಲ್ಲಿ ಸರ್ಕಾರದ ಯೋಜನೆಯಲ್ಲಿ ಗಾಲಿಕುರ್ಚಿ ಉಚಿತವಾಗಿ ಬಂತು. ಬಚ್ಚಲ ಬಾಗಿಲು ಎರಡೂವರೆ ಅಡಿ. ಚೌಕಟ್ಟು, ಬಾಗಿಲ ಹಲಗೆ ಕಳೆದರೆ ಒಳಗೆ ಸಿಗುವುದು 26 ಇಂಚು. ಗಾಲಿಕುರ್ಚಿಯ ಅಗಲವೇ 25 ಇಂಚು, ಚಕ್ರ ತಳ್ಳುವ ಕೈಗಳಿಗೆ ಜಾಗ ಬೇಡವೇ? ಅಪ್ಪನ ಬೆರಳ ಗೆಣ್ಣುಗಳು ಒಂದು ವಾರ ತರಚಿಕೊಂಡಿದ್ದವು. ಗಾಲಿಕುರ್ಚಿಗೆ 900 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ ಮೂರು ಅಡಿ ಬಾಗಿಲು ಬೇಕು ಎಂದು ನಾವು ಓದುವ ಮಾರ್ಗಸೂಚಿಗಳಲ್ಲಿದೆ. ಆದರೆ ಊರಿನ ಮೇಸ್ತ್ರಿಗೆ ಬಚ್ಚಲ ಬಾಗಿಲು ಎಂದರೆ ಎರಡೂವರೆ ಅಡಿಯೇ. ಮತ್ತೆ ಗೋಡೆ ಒಡೆಸಿ, ಬಾಗಿಲು ಅಗಲ ಮಾಡಿಸಿ, ನೆಲವನ್ನು ಪಡಸಾಲೆಯ ಮಟ್ಟಕ್ಕೆ ಎತ್ತರಿಸುವಷ್ಟರಲ್ಲಿ 41 ಸಾವಿರ. ಈ ಸಲ ಅಮ್ಮನ ಬಳೆ ಸೊಸೈಟಿಗೆ ಹೋಯಿತು.

ಇಲ್ಲೇ ನನಗೆ ಸಿಟ್ಟು ಬರುವುದು. ಕುರ್ಚಿ ಕೊಡಲು ಯೋಜನೆ ಇದೆ. ಕೇಂದ್ರದ ಎಡಿಐಪಿ ಯೋಜನೆ ಗಾಲಿಕುರ್ಚಿ, ತ್ರಿಚಕ್ರ ಸೈಕಲ್, ಶ್ರವಣ ಸಾಧನದಂಥ ಸಲಕರಣೆಗಳಿಗೆ ಇರುವಂಥದ್ದು. ಆ ಕುರ್ಚಿ ಮನೆಯೊಳಗೆ ತಿರುಗಾಡಲು ಬೇಕಾದ ಬಾಗಿಲು ಯಾರ ಲೆಕ್ಕಕ್ಕೂ ಬರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ದೊಡ್ಡ ಉಪಕಾರ ಮಾಡಿದೆ, ನಿಜ. 1995ರ ಕಾಯ್ದೆಯಲ್ಲಿ ಏಳೇ ಬಗೆಯ ಅಂಗವೈಕಲ್ಯಗಳಿದ್ದವು. ಈಗ 21 ಇವೆ, ಮಸ್ಕ್ಯುಲರ್ ಡಿಸ್ಟ್ರೊಫಿ, ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್‌ಸನ್ ಕೂಡ ಸೇರಿವೆ. ಸರ್ಕಾರಿ ವಸತಿ ಯೋಜನೆಗಳಲ್ಲಿ ಶೇ 5 ಮೀಸಲು ಎಂದೂ ಅದರ 37ನೇ ಸೆಕ್ಷನ್ ಹೇಳುತ್ತದೆ. ಆದರೆ ಅದು ಹೊಸ ಮನೆ ಪಡೆಯುವವರಿಗೆ. ಸ್ವಂತ ಹೆಂಚಿನ ಮನೆ ಇದ್ದು, ಅದರ ಬಚ್ಚಲು ಮಾತ್ರ ಸರಿಯಿಲ್ಲದವರು ಎಲ್ಲಿಗೆ ಹೋಗಬೇಕು? ಇಂಗ್ಲೆಂಡಿನಲ್ಲಿ ಇಂಥ ಕೆಲಸಕ್ಕೆಂದೇ ಸ್ಥಳೀಯ ಆಡಳಿತ 30 ಸಾವಿರ ಪೌಂಡ್‌ವರೆಗೆ ಅನುದಾನ ಕೊಡುತ್ತದೆ. ಅಷ್ಟು ಬೇಡ, ಒಂದು ಬಾಗಿಲಿನ ದುಡ್ಡು ಕೊಟ್ಟರೂ ಸಾಕಿತ್ತು.

ನಮ್ಮಲ್ಲಿ ಹತ್ತಿರದ ದಾರಿ ಗ್ರಾಮ ಪಂಚಾಯಿತಿ. ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಬಳಸಬೇಕು. ನಾವು ಹೋದಾಗ ‘ಈ ವರ್ಷದ್ದು ಕ್ರಿಯಾ ಯೋಜನೆಯಲ್ಲಿ ಮುಗಿದು ಹೋಯ್ತಲ್ಲ, ಮುಂದಿನ ವರ್ಷ ಬನ್ನಿ’ ಎಂದರು. ಆಮೇಲೆ ನಮ್ಮ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಕಿವಿಯಲ್ಲಿ ಹೇಳಿದ್ದು: ‘ಕ್ರಿಯಾ ಯೋಜನೆ ಆಗೋ ಮೊದಲು ಗ್ರಾಮಸಭೆಯಲ್ಲಿ ಎದ್ದು ಕೇಳಿ, ಬರವಣಿಗೇಲಿ ಕೊಡಿ, ಸ್ವೀಕೃತಿ ತಗೊಳ್ಳಿ.’ ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಈ ವಿಆರ್‌ಡಬ್ಲ್ಯು ಯಾರು ಎಂದು ಮೊದಲು ಹುಡುಕಿ. ಯುಡಿಐಡಿ ಕಾರ್ಡಿನ ಶೇಕಡಾವಾರನ್ನೂ ನೋಡಿಕೊಳ್ಳಿ. ಅಪ್ಪನಿಗೆ ಮೊದಲು ಶೇ 45 ಬರೆದಿದ್ದರು, ಮರುಪರೀಕ್ಷೆಗೆ ಹೋದಮೇಲೆ ಶೇ 70 ಆಯಿತು. ಕಾಯಿಲೆ ಮುಂದೆ ಹೋಗಿದ್ದು ಕಾರ್ಡಿಗೆ ತಾನಾಗಿ ತಿಳಿಯುವುದಿಲ್ಲ.

ಕೆಲಸ ಹುಡುಕುತ್ತಿರುವವರಿಗೆ ಇನ್ನೊಂದು ವಿಷಯ. ಅವಲಂಬಿತ ಅಂಗವಿಕಲರಿದ್ದರೆ ತೆರಿಗೆ ವಿನಾಯಿತಿ ಇದೆಯಂತೆ ಎಂದು ಎಲ್ಲರೂ ಹೇಳುತ್ತಾರೆ. ಇರುವುದು ನಿಜ: ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆದಾಯದಲ್ಲಿ 75 ಸಾವಿರ, ಶೇ 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1.25 ಲಕ್ಷ ಕಡಿತ. ಆದರೆ ಇದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲದಿರುವಾಗ, ನಾಲ್ಕು ಲಕ್ಷದ ಪ್ಯಾಕೇಜಿಗೆ ಸೇರುವ ನನ್ನಂಥವರಿಗೆ ಇದರಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ. ಆರೋಗ್ಯ ವಿಮೆಯ ಮಾತೂ ಅಷ್ಟೇ. ಅದು ಆಸ್ಪತ್ರೆಯ ಮಂಚದ ಬಿಲ್ ಕಟ್ಟುತ್ತದೆ, ಮನೆಯ ಬಚ್ಚಲಿನದ್ದಲ್ಲ. ಬಿದ್ದು ಸೊಂಟ ಮುರಿದುಕೊಂಡರೆ ದುಡ್ಡು, ಬೀಳದಂತೆ ನೋಡಿಕೊಂಡರೆ ಇಲ್ಲ!

ರ‍್ಯಾಂಪಿನ ಕಥೆಗೆ ಬರುತ್ತೇನೆ. ಮುಂದುಗಡೆ 30 ಅಡಿಗೆ ಜಾಗವಿಲ್ಲ. ಮಡಿಚಿ ತಿರುಗಿಸೋಣವೆಂದರೆ ತಿರುವಿನಲ್ಲಿ ಐದಡಿ ಚೌಕದ ಸಮತಟ್ಟು ಬೇಕು, ಅಂಗಳವೇ ಮುಗಿದುಹೋಗುತ್ತದೆ. ಜೊತೆಗೆ ಹೊಸ್ತಿಲು. ‘ಹೊಸ್ಲು ಕೀಳ್ಬೇಡಿ ಕಣಪ್ಪ, ಲಕ್ಷ್ಮಿ ಎಲ್ಲಿ ನಿಲ್ತಾಳೆ?’ ಎಂದು ಅಜ್ಜಿ ಅಡ್ಡ ನಿಂತರು. ಟೇಪು ಹಿಡಿದು ಹಿತ್ತಲಿಗೆ ಹೋದೆ. ಅಲ್ಲಿ ನೆಲ ಎತ್ತರವಿದೆ, ಮನೆಯ ಮಟ್ಟಕ್ಕೆ 15 ಇಂಚು ಮಾತ್ರ ವ್ಯತ್ಯಾಸ. ಅಂದರೆ 15 ಅಡಿ ರ‍್ಯಾಂಪ್ ಸಾಕು. ಹಿತ್ತಲ ಬಾಗಿಲು ಅಗಲ ಮಾಡಿ, ಹೊಸ್ತಿಲಿಲ್ಲದ ಚೌಕಟ್ಟು ಕೂರಿಸಿದರೆ ಖರ್ಚೂ ಅರ್ಧ. ನಾನು ನಕ್ಷೆ ಬರೆದು ಹೆಮ್ಮೆಯಿಂದ ತೋರಿಸಿದರೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ನಾನು ಕಟ್ಟಿಸಿದ ಮನೆಗೆ ನಾನೇ ಹಿತ್ತಲಿಂದ ಬರೋದಾ?’

ಇದಕ್ಕೆ ನನ್ನ ಪಠ್ಯಪುಸ್ತಕದಲ್ಲಿ ಸೂತ್ರವಿರಲಿಲ್ಲ. ದುಡ್ಡಿದ್ದರೆ ಲಿಫ್ಟ್ ಕೂರಿಸಿ ಮುಂಬಾಗಿಲಿಂದಲೇ ಕರೆತರಬಹುದಿತ್ತು. ಇಲ್ಲದಿದ್ದಕ್ಕೆ ಹಿತ್ತಲು. 2024ರ ಬೇಸಿಗೆಯಲ್ಲಿ 33 ಸಾವಿರಕ್ಕೆ ಕೆಲಸ ಮುಗಿಯಿತು. ಮೂರೂ ಸಲದ್ದು ಸೇರಿ 1.10 ಲಕ್ಷ. ಅಪ್ಪ ಈಗ ಸಂಜೆ ಹೊತ್ತು ತಾವೇ ಹೊರಗೆ ಹೋಗಿ ತೆಂಗಿನ ಮರದಡಿ ಕೂರುತ್ತಾರೆ. ಬೇಸರ ಹೋಗಿದೆಯೇ ಎಂದು ನಾನು ಕೇಳಿಲ್ಲ.

ಬಾಡಿಗೆ ಮನೆಯವರ ಪಾಡು ಇನ್ನೂ ಕಷ್ಟ. ನನ್ನ ಸಹಪಾಠಿಯೊಬ್ಬಳ ತಾಯಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ಬಚ್ಚಲಲ್ಲಿ ಎರಡು ಹಿಡಿಕೆ ಹಾಕಲು ಕೇಳಿದರೆ ‘ಟೈಲ್ಸ್ ಒಡೆಯುತ್ತೆ’ ಎಂದು ಮಾಲೀಕರು ಒಪ್ಪಲಿಲ್ಲ. ಅಂಥವರು ಸ್ಕ್ರೂ ಬೇಡದ, ಹೋಗುವಾಗ ಹೊತ್ತೊಯ್ಯಬಹುದಾದ ವಸ್ತುಗಳಿಗೇ ದುಡ್ಡು ಹಾಕುವುದು ಲೇಸು: ಸ್ನಾನದ ಕುರ್ಚಿ, ಕಮೋಡ್ ಮೇಲೆ ನಿಲ್ಲಿಸುವ ಹಿಡಿಕೆಯ ಚೌಕಟ್ಟು. ಅಂಟಿಸುವ ರಬ್ಬರ್ ಹಿಡಿಕೆಗಳನ್ನು ಮಾತ್ರ ನಂಬಬೇಡಿ. ಇಡೀ ಮೈಭಾರ ಬಿದ್ದರೆ ಕಿತ್ತು ಬರುತ್ತವೆ.

ಸ್ವಂತ ಮನೆಯಿದ್ದು ಈಗಷ್ಟೇ ಕಾಯಿಲೆ ಗೊತ್ತಾದವರಿಗೆ ನಾನು ಹೇಳುವುದು, ಮೊದಲ ದುಡ್ಡು ಬಾಗಿಲ ಅಗಲಕ್ಕೆ ಮತ್ತು ನೆಲದ ಮಟ್ಟಕ್ಕೆ ಹೋಗಲಿ. ಹಿಡಿಕೆ, ಕುರ್ಚಿ, ಸ್ವಿಚ್ಚು ಯಾವಾಗ ಬೇಕಾದರೂ ಬದಲಾಗುತ್ತವೆ. ಗೋಡೆ ಒಡೆಯುವುದೇ ದುಬಾರಿ. ಇವತ್ತು ಗೋಡೆ ಹಿಡಿದು ನಡೆಯುತ್ತಿರುವವರಿಗೆ ಗಾಲಿಕುರ್ಚಿಯ ಬಾಗಿಲು ಇಡಿಸುವುದು ಅಪಶಕುನ ಎಂದು ನೆಂಟರು ಹೇಳಿಯೇ ಹೇಳುತ್ತಾರೆ. ಹೇಳಲಿ.

ಈಗ ಅಪ್ಪನ ಭುಜ ಸೋಲುತ್ತಿದೆ. ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿ ಪೆಡಲ್ ತುಳಿಯುವುದನ್ನು ಹಿಂದೆಯೇ ತಪ್ಪಿಸಿದ್ದೆವು. ಇನ್ನು ಮೇಜನ್ನು ಗಾಲಿಕುರ್ಚಿ ಒಳಗೆ ಸೇರುವಂತೆ ಮಾಡಬೇಕು, ಸ್ವಿಚ್ ಬೋರ್ಡ್ ಕೆಳಗಿಳಿಸಬೇಕು, ಅಂಗಡಿ ಕೋಣೆಯಿಂದ ಬಚ್ಚಲಿಗೆ ನೇರ ಬಾಗಿಲು ತೆರೆಯಬೇಕು. ಮೇಸ್ತ್ರಿ 60 ಸಾವಿರ ಹೇಳಿದ್ದಾರೆ. ನನ್ನ ಇಂಟರ್ನ್‌ಷಿಪ್ಪಿನ ಎರಡು ತಿಂಗಳ ದುಡ್ಡು 20 ಸಾವಿರ ಇದೆ, ಅಮ್ಮನ ಸಂಘದ ಉಳಿತಾಯ 18 ಸಾವಿರ. ಉಳಿದ 22 ಸಾವಿರಕ್ಕೆ ಪಂಚಾಯಿತಿಗೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡಿದ್ದೇನೆ. ಗ್ರಾಮಸಭೆ ಮುಂದಿನ ತಿಂಗಳು. ಅಪ್ಪ ತಾವೇ ಬಂದು ಕೇಳುತ್ತಾರಂತೆ. ಸಭೆ ನಡೆಯುವ ಸಮುದಾಯ ಭವನಕ್ಕೆ ನಾಲ್ಕು ಮೆಟ್ಟಿಲುಗಳಿವೆ.