ಸೀಟು ಸಿಕ್ಕಿತು, ಸೂರು ಎಲ್ಲಿ?

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ 2008ರಲ್ಲಿ ಶುರುವಾಯಿತು. ಅಂದಿನಿಂದ ಸುತ್ತಲಿನ ಹಳ್ಳಿಗಳಿಗೆ ವಿಮಾನದ ಸದ್ದೇನೂ ಹೊಸದಲ್ಲ. ಜುಲೈ, ಆಗಸ್ಟ್ ಬಂತೆಂದರೆ ನಿಲ್ದಾಣದ ಬಾಗಿಲಲ್ಲಿ ಒಂದೇ ಬಗೆಯ ನೋಟ. ಎರಡು ದೊಡ್ಡ ಸೂಟ್‌ಕೇಸು, ಅವುಗಳೊಳಗೆ ಚಟ್ನಿಪುಡಿ, ಹುರಿಹಿಟ್ಟು, ಕುಕ್ಕರು. ಪಕ್ಕದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ತಾಯಿ. ‘ಅಲ್ಲಿ ಇಳಿದ ರಾತ್ರಿ ಎಲ್ಲಿ ಮಲಗ್ತೀಯೋ ಮಗಾ?’ ಎಂದು ಅಜ್ಜಿ ಕೇಳಿದರೆ ಮನೆಯವರೆಲ್ಲ ನಗುತ್ತಾರೆ. ಆದರೆ ಅಜ್ಜಿಯ ಪ್ರಶ್ನೆಯೇ ಸರಿ. ಅದನ್ನು ವಿಮಾನ ಹತ್ತುವ ದಿನವಲ್ಲ, ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ದಿನವೇ ಕೇಳಬೇಕು.

ಓದಲು ಹೊರಟವರಿಗೆ ಸೂರಿನ ಚಿಂತೆ ಹಿಂದೆಯೂ ಇತ್ತು. ವಾರಾನ್ನ ಉಂಡು, ಉಚಿತ ವಿದ್ಯಾರ್ಥಿ ನಿಲಯಗಳಲ್ಲಿ ಇದ್ದು ಬೆಂಗಳೂರಿನಲ್ಲಿ ಓದಿದವರು ಎಷ್ಟೋ ಮಂದಿ. ದೊಡ್ಡಬಳ್ಳಾಪುರಕ್ಕೆ ಹೊಂದಿಕೊಂಡ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗ ಎಚ್. ನರಸಿಂಹಯ್ಯ 1935ರಲ್ಲಿ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದೇ ಬಂದರು. ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಪಿಎಚ್.ಡಿ. ಪಡೆದು ಹಿಂದಿರುಗಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರೂ ಬಾಳಿನ ಬಹುಭಾಗವನ್ನು ಕಾಲೇಜು ಹಾಸ್ಟೆಲ್ಲಿನ ಒಂದು ಕೋಣೆಯಲ್ಲೇ ಕಳೆದರು. ಇಂದು ಅದೇ ಹಾದಿಯಲ್ಲಿ ಹೊರಡುವವರಿಗೆ ಹಾಸ್ಟೆಲ್ ಕೋಣೆ ಸುಲಭವಾಗಿ ಸಿಗುವುದಿಲ್ಲ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಆವರಣದ ಹೊರಗೆ ತಾವೇ ಮನೆ ಹುಡುಕಿಕೊಳ್ಳಬೇಕು.

ಬಾಡಿಗೆಯೂ ಶುಲ್ಕವೇ

ವಿಶ್ವವಿದ್ಯಾಲಯ ಆರಿಸುವಾಗ ಹೆಚ್ಚಿನವರು ನೋಡುವುದು ರ್‍ಯಾಂಕ್ ಪಟ್ಟಿ, ನಂತರ ಶುಲ್ಕ. ಬಾಡಿಗೆಯ ಮಾತು ಬರುವುದು ವೀಸಾ ಸಿಕ್ಕ ಮೇಲೆ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ದೊಡ್ಡ ನಗರದ ವಿಶ್ವವಿದ್ಯಾಲಯದ ಬಳಿ ಒಬ್ಬರ ಪಾಲಿನ ಬಾಡಿಗೆ ತಿಂಗಳಿಗೆ 1,400 ಡಾಲರ್, ಸಣ್ಣ ಊರಿನಲ್ಲಿ 500 ಡಾಲರ್ ಎಂದಿಟ್ಟುಕೊಳ್ಳೋಣ. ವ್ಯತ್ಯಾಸ ತಿಂಗಳಿಗೆ 900, ವರ್ಷಕ್ಕೆ 10,800 ಡಾಲರ್. ಡಾಲರಿಗೆ 90 ರೂಪಾಯಿಯಂತೆ ಹಿಡಿದರೆ 9.72 ಲಕ್ಷ, ಎರಡು ವರ್ಷಕ್ಕೆ 19.44 ಲಕ್ಷ ರೂಪಾಯಿ. ಪಟ್ಟಿಯಲ್ಲಿ ಹತ್ತು ಸ್ಥಾನ ಮೇಲಿರುವ ಹೆಸರಿಗೆ ಇಷ್ಟು ಬೆಲೆ ಕೊಡಬೇಕೆ ಎಂಬುದನ್ನು ಮನೆಯವರೆಲ್ಲ ಕುಳಿತು ಯೋಚಿಸಬೇಕು.

ಏಕೆಂದರೆ ಈ ಹಣ ಬರುವುದು ಸಾಲದಿಂದ. ವಿದ್ಯಾಭ್ಯಾಸದ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತವೆ. ಕೃಷಿ ಜಮೀನನ್ನು ಒಪ್ಪುವ ಬ್ಯಾಂಕು ಅಪರೂಪ. ಹಾಗಾಗಿ ಹೊಸಕೋಟೆಯ ರೈತನಾಗಲಿ, ದೊಡ್ಡಬಳ್ಳಾಪುರದ ಮಗ್ಗದ ಮನೆಯವರಾಗಲಿ ಅಡವಿಡುವುದು ತಾವು ವಾಸಿಸುವ ಮನೆಯನ್ನೇ. ಮಗನಿಗೆ ಅಲ್ಲಿ ಸೂರು ಒದಗಿಸಲು ಇಲ್ಲಿನ ಸೂರು ಪಣಕ್ಕೆ ಬೀಳುತ್ತದೆ.

ಅಮೆರಿಕದ ವಿಶ್ವವಿದ್ಯಾಲಯ ವೀಸಾಕ್ಕಾಗಿ ಕಳುಹಿಸುವ ಐ-20 ಪತ್ರದಲ್ಲಿ ಶುಲ್ಕದ ಕೆಳಗೆ ಜೀವನ ವೆಚ್ಚದ ಅಂದಾಜೂ ಇರುತ್ತದೆ. ಆ ಸಾಲನ್ನು ಪೋಷಕರು ತಪ್ಪದೆ ಓದಬೇಕು. ಕಲಿಯುವ ವಿಭಾಗದಲ್ಲಿ ಯಾವ ಪ್ರಾಧ್ಯಾಪಕರಿದ್ದಾರೆ, ಬೋಧನೆಗೆ ಇಲ್ಲವೇ ಸಂಶೋಧನೆಗೆ ನೆರವಾಗುವ ಕೆಲಸ ಕೊಟ್ಟು ಶುಲ್ಕ ಮಾಫಿ ಮಾಡುತ್ತಾರೆಯೇ ಎಂದು ಬರೆದು ಕೇಳಬೇಕು. ಪಿಎಚ್.ಡಿ.ಗೆ ಇಂಥ ನೆರವು ಸಾಮಾನ್ಯ, ಎಂ.ಎಸ್.ಗೆ ಕಡಿಮೆ. ಏಜೆಂಟರ ಮಾತನ್ನೇ ನಂಬಿ ಕೂರಬಾರದು. ಅವರಲ್ಲಿ ಕೆಲವರಿಗೆ ವಿಶ್ವವಿದ್ಯಾಲಯಗಳೇ ಕಮಿಷನ್ ಕೊಡುತ್ತವೆ.

ಒಂದೇ ವಿಳಾಸ, ನೂರಾರು ವಿದ್ಯಾರ್ಥಿಗಳು

ವಿಶ್ವವಿದ್ಯಾಲಯವೇ ಪೊಳ್ಳಾದರೆ ಏನಾಗುತ್ತದೆ ಎಂಬುದಕ್ಕೆ 2011ರ ಘಟನೆ ಸಾಕ್ಷಿ. ಕ್ಯಾಲಿಫೋರ್ನಿಯಾದ ಟ್ರೈವ್ಯಾಲಿ ವಿಶ್ವವಿದ್ಯಾಲಯವನ್ನು ಆ ವರ್ಷದ ಜನವರಿಯಲ್ಲಿ ಅಮೆರಿಕದ ಅಧಿಕಾರಿಗಳು ಮುಚ್ಚಿಸಿದರು. ಅಲ್ಲಿದ್ದವರಲ್ಲಿ ಬಹುಪಾಲು ಭಾರತೀಯರು, ಅದರಲ್ಲೂ ನೆರೆಯ ಆಂಧ್ರದವರು. ದಾಖಲೆಯ ಪ್ರಕಾರ ಅರ್ಧಕ್ಕೂ ಹೆಚ್ಚು ವಿದ್ಯಾರ್ಥಿಗಳು ಸನ್ನಿವೇಲ್ ಎಂಬ ಊರಿನ ಒಂದೇ ಅಪಾರ್ಟ್‌ಮೆಂಟಿನಲ್ಲಿ ವಾಸವಾಗಿದ್ದರು! ಸುಳ್ಳು ವಿಳಾಸವೇ ಸುಳ್ಳು ವಿಶ್ವವಿದ್ಯಾಲಯದ ಗುಟ್ಟು ಬಿಟ್ಟುಕೊಟ್ಟಿತು. ಕೆಲವು ವಿದ್ಯಾರ್ಥಿಗಳ ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿ ನಿಗಾ ಇಡಲಾಯಿತು. ಮಾನ್ಯತೆ ಇದೆಯೇ, ತರಗತಿಗಳು ನಿಜಕ್ಕೂ ನಡೆಯುತ್ತವೆಯೇ ಎಂದು ಮೊದಲೇ ವಿಚಾರಿಸುವುದು ಇದಕ್ಕೇ.

ಕರಾರಿಗೆ ಸಹಿ ಹಾಕುವ ಮುನ್ನ

ಆವರಣದ ಹೊರಗಿನ ಮನೆಗೆ ಸಾಮಾನ್ಯವಾಗಿ 12 ತಿಂಗಳ ಬಾಡಿಗೆ ಕರಾರು ಇರುತ್ತದೆ. ನಡುವೆ ಬಿಟ್ಟು ಹೊರಟರೂ ಉಳಿದ ತಿಂಗಳ ಬಾಡಿಗೆ ತಲೆಗೆ ಸುತ್ತಿಕೊಳ್ಳಬಹುದು. ನಾಲ್ವರು ಸೇರಿ ಒಂದೇ ಕರಾರಿಗೆ ಸಹಿ ಹಾಕಿದರೆ, ಒಬ್ಬ ಕೈಕೊಟ್ಟಾಗ ಅವನ ಪಾಲನ್ನು ಉಳಿದ ಮೂವರು ತುಂಬಬೇಕಾಗುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಕರಾರು ಕೊಡುವ ಮನೆಗಳೂ ಉಂಟು. ಹೊಸಬರಿಗೆ ಅವೇ ವಾಸಿ. ಬಾಡಿಗೆಯಲ್ಲಿ ವಿದ್ಯುತ್, ನೀರು, ಚಳಿಗಾಲದಲ್ಲಿ ಮನೆ ಬಿಸಿ ಮಾಡುವ ಖರ್ಚು ಸೇರಿದೆಯೇ? ಮಂಚ, ಹಾಸಿಗೆ ಇದೆಯೇ? ವಿಶ್ವವಿದ್ಯಾಲಯಕ್ಕೆ ಬಸ್ಸು ಇದೆಯೇ, ರಾತ್ರಿ ಎಷ್ಟು ಗಂಟೆಯವರೆಗೆ? ಇವೆಲ್ಲ ಬರಹದಲ್ಲಿ ಇರಲಿ. ಮನೆಗೆ ಕಾಲಿಟ್ಟ ದಿನವೇ ಗೋಡೆ, ಕಿಟಕಿ, ಒಲೆಯ ಫೋಟೊ ತೆಗೆದಿಟ್ಟುಕೊಂಡರೆ ಅಡ್ವಾನ್ಸ್ ವಾಪಸು ಪಡೆಯುವಾಗ ತಕರಾರು ಇರುವುದಿಲ್ಲ.

ಮನೆ ನೋಡದೆ ಹಣ ಕಳುಹಿಸಬಾರದು. ‘ನಾನು ಊರಲ್ಲಿಲ್ಲ, ಹಣ ಹಾಕಿ, ಬೀಗದ ಕೈ ಅಂಚೆಯಲ್ಲಿ ಬರುತ್ತದೆ’ ಎನ್ನುವವನು ಹೆಚ್ಚಾಗಿ ಮೋಸಗಾರ. ಅಮೆರಿಕದ ವಿದ್ಯಾರ್ಥಿ ವೀಸಾದಲ್ಲಿ ತರಗತಿ ಶುರುವಾಗುವುದಕ್ಕೆ 30 ದಿನ ಮುಂಚೆ ಒಳಗೆ ಹೋಗಲು ಅವಕಾಶವಿದೆ. ಎರಡು ವಾರ ಮುಂಚೆ ಹೋಗಿ, ತಾತ್ಕಾಲಿಕವಾಗಿ ತಂಗಿ, ಕಣ್ಣಾರೆ ಕಂಡು ಮನೆ ಹಿಡಿಯುವುದು ಕ್ಷೇಮ. ಅನೇಕ ಕಡೆ ಭಾರತೀಯ ವಿದ್ಯಾರ್ಥಿ ಸಂಘಗಳು ಮೊದಲ ಕೆಲವು ದಿನಗಳಿಗೆ ಜಾಗ ಹೊಂದಿಸಿಕೊಡುತ್ತವೆ.

ಜರ್ಮನಿಯ ದಾರಿ ಬೇರೆ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಒಂದು ವರ್ಷದ ಖರ್ಚಿಗೆಂದು ವಿಶೇಷ ಖಾತೆಯಲ್ಲಿ ಹಣ ತೋರಿಸಬೇಕು. 2024ರಲ್ಲಿ ಈ ಮೊತ್ತವನ್ನು 11,904 ಯೂರೋಗೆ ಏರಿಸಲಾಯಿತು. ಅಲ್ಲಿ ‘ತಣ್ಣನೆ ಬಾಡಿಗೆ’, ‘ಬೆಚ್ಚನೆ ಬಾಡಿಗೆ’ ಎಂದು ಎರಡು ಬಗೆ. ಮೊದಲನೆಯದರಲ್ಲಿ ಮನೆ ಬಿಸಿ ಮಾಡುವ ಖರ್ಚು ಸೇರಿರುವುದಿಲ್ಲ. ಅಡ್ವಾನ್ಸ್ ಮೂರು ತಿಂಗಳ ತಣ್ಣನೆ ಬಾಡಿಗೆಯನ್ನು ಮೀರುವಂತಿಲ್ಲ. ಮನೆ ಸೇರಿದ ಎರಡು ವಾರದೊಳಗೆ ಸರ್ಕಾರಿ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆಯವರ ಪತ್ರ ಬೇಕು. ಪತ್ರ ಕೊಡದವರ ಮನೆ ಬೇಡ. ಕಡಿಮೆ ಬಾಡಿಗೆಯ ವಿದ್ಯಾರ್ಥಿ ನಿಲಯಗಳಿಗೆ ಉದ್ದನೆಯ ಸರದಿ ಇರುವುದರಿಂದ ಪ್ರವೇಶ ಪತ್ರ ಕೈಸೇರಿದ ದಿನವೇ ಹೆಸರು ಬರೆಸುವುದು ಒಳ್ಳೆಯದು.

ಹೊರಡುವ ಹಿಂದಿನ ದಿನ ಒಂದು ಕಾಗದದಲ್ಲಿ ಇಳಿಯುವ ಮನೆಯ ವಿಳಾಸ, ಅಲ್ಲಿಯವರ ಫೋನ್ ನಂಬರು, ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿ ಕಚೇರಿಯ ನಂಬರು ಬರೆದು ಮನೆಯ ಗೋಡೆಗೆ ಅಂಟಿಸಿಹೋಗಲಿ. ಅಜ್ಜಿಗೆ ಇಂಗ್ಲಿಷ್ ಬಾರದಿದ್ದರೇನಂತೆ, ಕನ್ನಡದಲ್ಲೇ ಬರೆಯಲಿ. ಮೊಮ್ಮಗ ಎಲ್ಲಿ ಮಲಗುತ್ತಾನೆ ಎಂಬುದು ಗೊತ್ತಿದ್ದರೆ ಆಕೆಗೂ ನಿದ್ದೆ ಹತ್ತುತ್ತದೆ.