ಓಟ ಸುಧಾರಿಸಿದೆಯಾ? ಎದೆಬಡಿತ ಹೇಳುತ್ತೆ

ಜನವರಿಯ ಮುಂಬೈ ಮ್ಯಾರಥಾನ್‌ಗೆ ಅಂತ ಮಳೆಗಾಲದಲ್ಲೇ ಓಡೋಕೆ ಶುರು ಮಾಡಿದವರಿಗೆ ಅಕ್ಟೋಬರ್ ಹೊತ್ತಿಗೆ ಒಂದು ಅನುಮಾನ ಬರುತ್ತೆ: ‘ಇಷ್ಟು ದಿನ ಓಡಿದ್ದೆಲ್ಲ ದಂಡವಾಯ್ತಾ? ವೇಗ ಅಲ್ಲೇ ನಿಂತಿದೆಯಲ್ಲ!’ ನನಗೂ ಹಾಗೇ ಆಗಿತ್ತು. ಹಟಕ್ಕೆ ಬಿದ್ದು ಇನ್ನೂ ಜೋರಾಗಿ ಓಡಿದೆ. ಮೀನಖಂಡ ಹಿಡಿದುಕೊಂಡು ಮೂರು ವಾರ ಮನೇಲಿ ಕೂತೆ. ನಾನು ಎಡವಿದ್ದು ಅಳತೆಯಲ್ಲಿ.

ಅಭ್ಯಾಸ ಹೆಚ್ಚಿದಂತೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತೆ. ಹಾಗಾಗಿ ಅದೇ ವೇಗಕ್ಕೆ ಕಡಿಮೆ ಬಡಿತ ಸಾಕು. ಇದನ್ನೇ ತಿರುಗಿಸಿ ನೋಡಿ: ಬಡಿತ ಅಷ್ಟೇ ಇದ್ದು ವೇಗ ಹೆಚ್ಚಿದ್ರೆ ನೀವು ಸುಧಾರಿಸಿದ್ದೀರಿ ಅಂತ ಅರ್ಥ.

ಅಳೆಯೋದು ಹೇಗೆ? ತಿಂಗಳಿಗೊಮ್ಮೆ, ಒಂದೇ ಸಮತಟ್ಟಾದ ದಾರಿಯಲ್ಲಿ, ಒಂದೇ ಹೊತ್ತಿಗೆ ಓಡಿ. ಮುಂಬೈಯವರಿಗೆ ಮರೀನ್ ಡ್ರೈವ್ ಹೇಳಿ ಮಾಡಿಸಿದ ಜಾಗ. ಮೊದಲು ಹದಿನೈದು ನಿಮಿಷ ಮೈ ಬೆಚ್ಚಗೆ ಮಾಡಿಕೊಳ್ಳಿ. ಆಮೇಲೆ ಪಕ್ಕದವರ ಜೊತೆ ಏದುಸಿರಿಲ್ಲದೆ ಮಾತಾಡೋಕೆ ಆಗುವಷ್ಟು ಹಗುರವಾಗಿ ಓಡಿ, ಆಗಿನ ಬಡಿತ ನೋಡಿ. ನಿಮಿಷಕ್ಕೆ 140 ಅಂತಿಟ್ಕೊಳ್ಳಿ. ಅದರ ಆಸುಪಾಸಿನಲ್ಲೇ 5 ಕಿ.ಮೀ. ಓಡಿ, ಸಮಯ ಬರೆದಿಡಿ. ಈಗ 40 ನಿಮಿಷ ಆಗಿ, ಮೂರು ತಿಂಗಳ ಮೇಲೆ ಅದೇ 140ರಲ್ಲಿ 38 ಆದ್ರೆ, ಅದು ನಿಮ್ಮ ಗಳಿಕೆ.

220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ ಸಿಗುತ್ತೆ ಅಂತಾರಲ್ಲ, ಅದು ಸರಾಸರಿ ಲೆಕ್ಕ. ಒಬ್ಬೊಬ್ಬರಲ್ಲಿ 10-12 ಬಡಿತ ಆಚೀಚೆ ಆಗೋದು ಮಾಮೂಲು. ಗೆಳೆಯರ ಸಂಖ್ಯೆ ನಿಮಗೆ ಅಳತೆಗೋಲಾಗಲ್ಲ.

ಇನ್ನು ಅಕ್ಟೋಬರ್ ಸೆಖೆ. ಮೈ ತಣಿಸೋಕೆ ರಕ್ತ ಚರ್ಮದ ಕಡೆಗೂ ಹರಿಯಬೇಕು, ಬೆವರಿ ನೀರೂ ಕಡಿಮೆಯಾಗುತ್ತೆ. ಹೃದಯ ಹೆಚ್ಚು ಬಡಿಯಲೇಬೇಕು. ಆ ತಿಂಗಳು ಅದೇ ಬಡಿತಕ್ಕೆ ವೇಗ ಇಳಿದ್ರೆ ಗಾಬರಿ ಬೇಡ. ನಾನು ಮೂರು ವಾರ ಕಳೆದುಕೊಂಡದ್ದು ಇದು ಗೊತ್ತಿಲ್ಲದೆ.

ಕೈಗಡಿಯಾರ ಕೆಲವೊಮ್ಮೆ ಹೆಜ್ಜೆಗಳನ್ನೇ ಬಡಿತ ಅಂತ ಎಣಿಸಿಬಿಡುತ್ತೆ. ಹಗುರ ಓಟದಲ್ಲೇ ದಿಢೀರನೆ 170 ತೋರಿಸಿದ್ರೆ ನಿಂತು, ನಾಡಿ ಹಿಡಿದು ಎಣಿಸಿ, ಪಟ್ಟಿ ಬಿಗಿ ಮಾಡಿ. ಎದೆಗೆ ಕಟ್ಟುವ ಪಟ್ಟಿ ಇನ್ನೂ ನಂಬಿಕಸ್ಥ.

ಬೆಳಿಗ್ಗೆ ಹಾಸಿಗೆಯಿಂದ ಏಳೋ ಮುಂಚೆಯೂ ನಾಡಿ ಎಣಿಸಿ. ಮಾಮೂಲಿಗಿಂತ 8-10 ಹೆಚ್ಚಿದ್ರೆ, ನಿದ್ದೆ ಸಾಲದೆ ಇರಬಹುದು, ಜ್ವರ ಬರ್ತಾ ಇರಬಹುದು, ದಣಿವು ಆರದೆ ಇರಬಹುದು. ಅವತ್ತು ಬಿಡುವು ಕೊಡಿ.

ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳೋರಲ್ಲಿ ಬಡಿತ ಅಷ್ಟಾಗಿ ಏರೋದಿಲ್ಲ. ಅಂಥವರು ವೈದ್ಯರನ್ನು ಕೇಳಿಯೇ ಓಡಿ. ಎದೆನೋವು, ತಲೆಸುತ್ತು ಬಂದ್ರೆ ಗಡಿಯಾರ ಏನೇ ತೋರಿಸಲಿ, ಅಲ್ಲೇ ನಿಲ್ಲಿ, ಸಹಾಯ ಕೇಳಿ.

ಈ ಭಾನುವಾರ ಮೊದಲ ಅಳತೆ ಬರೆದಿಡಿ. ಮತ್ತೆ ಸಿಗೋಣ.