ಕಣ್ಣು ಕಾಣುತ್ತದೆಯೆಂದು ಸುಮ್ಮನಿರಬೇಡಿ: ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಮ್ಮೆ ನೇತ್ರ ಪರೀಕ್ಷೆ

ಸಕ್ಕರೆ ಕಾಯಿಲೆ ಇಂದು ನಮ್ಮ ಕರಾವಳಿಯಲ್ಲಿ ಮನೆಮನೆಯ ಮಾತಾಗಿದೆ. ಭಾನುವಾರದ ಬಲಿಪೂಜೆಯ ಬಳಿಕ ಚರ್ಚ್ ಅಂಗಳದಲ್ಲಿ ನಾಲ್ಕು ಮಂದಿ ಹಿರಿಯರು ಸೇರಿದರೆ 'ನಿಮ್ಮ ಶುಗರ್ ಎಷ್ಟು?' ಎಂಬ ಪ್ರಶ್ನೆ ಬಾರದೆ ಇರುವುದಿಲ್ಲ. ಬರಿಹೊಟ್ಟೆಯ ರಕ್ತ ಪರೀಕ್ಷೆ, ಊಟದ ನಂತರದ ಪರೀಕ್ಷೆ, ಮಾತ್ರೆ, ಇನ್ಸುಲಿನ್ ಇವುಗಳ ಬಗ್ಗೆ ಎಲ್ಲರಿಗೂ ಅಷ್ಟಿಷ್ಟು ತಿಳಿದಿದೆ. ಆದರೆ 'ಕಣ್ಣಿನ ಒಳಭಾಗವನ್ನು ಕೊನೆಯದಾಗಿ ಯಾವಾಗ ತೋರಿಸಿದಿರಿ?' ಎಂದು ಕೇಳಿದರೆ ಹಲವರ ಉತ್ತರ ಒಂದೇ: 'ಕಣ್ಣು ಸರಿಯಾಗಿ ಕಾಣುತ್ತದಲ್ಲ, ಮತ್ತೇಕೆ?'

ಅಪಾಯ ಅಡಗಿರುವುದು ಈ ಉತ್ತರದಲ್ಲಿಯೇ. ಸಕ್ಕರೆ ಕಾಯಿಲೆಯಿಂದ ಕಣ್ಣಿಗೆ ಆಗುವ ಹಾನಿ ಮೊದಲ ಹಂತಗಳಲ್ಲಿ ನೋಯುವುದಿಲ್ಲ, ಕೆಂಪಾಗುವುದಿಲ್ಲ, ದೃಷ್ಟಿಯನ್ನೂ ಮಸುಕಾಗಿಸುವುದಿಲ್ಲ. ದೃಷ್ಟಿ ಕುಂದಿದ್ದು ನಮ್ಮ ಅರಿವಿಗೆ ಬರುವ ಹೊತ್ತಿಗೆ ಹಾನಿ ಬಹಳಷ್ಟು ಮುಂದುವರಿದಿರಬಹುದು. ಕಳೆದುಹೋದ ದೃಷ್ಟಿಯನ್ನು ಪೂರ್ತಿಯಾಗಿ ಮರಳಿ ತರುವುದು ಹಲವು ಬಾರಿ ಸಾಧ್ಯವಾಗುವುದಿಲ್ಲ. ಆದರೆ ಇರುವ ದೃಷ್ಟಿಯನ್ನು ಉಳಿಸಿಕೊಳ್ಳುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. 2015ರಿಂದ 2019ರ ಅವಧಿಯ ರಾಷ್ಟ್ರೀಯ ಸಮೀಕ್ಷೆಯೊಂದರಲ್ಲಿ, 50 ವರ್ಷ ದಾಟಿದ ಸಕ್ಕರೆ ಕಾಯಿಲೆಯವರ ಪೈಕಿ ಶೇಕಡಾ 16.9 ಮಂದಿಯ ಅಕ್ಷಿಪಟದಲ್ಲಿ ಹಾನಿ ಕಂಡುಬಂತು. ಅಂದರೆ ಸರಿಸುಮಾರು ಆರು ಮಂದಿಯಲ್ಲಿ ಒಬ್ಬರು. ನಮ್ಮ ವಾಳೆಗಳಲ್ಲಿ ಸಕ್ಕರೆ ಕಾಯಿಲೆ ಇರುವ ಹಿರಿಯರನ್ನು ಒಮ್ಮೆ ಬೆರಳೆಣಿಸಿ ನೋಡಿದರೆ ಈ ಅಂಕಿಯ ಅರ್ಥ ತಿಳಿಯುತ್ತದೆ.

ಕಣ್ಣಿನೊಳಗೆ ಏನಾಗುತ್ತದೆ?

ನಮ್ಮ ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟ ಅಥವಾ ರೆಟಿನಾ ಎಂಬ ತೆಳುವಾದ ಪದರವಿದೆ. ನಾವು ನೋಡುವ ಪ್ರತಿಯೊಂದು ದೃಶ್ಯವೂ ಅದರ ಮೇಲೆ ಮೂಡಿ, ನರದ ಮೂಲಕ ಮೆದುಳನ್ನು ತಲುಪುತ್ತದೆ. ಈ ಪದರಕ್ಕೆ ರಕ್ತ ಒದಗಿಸುವ ನಾಳಗಳು ಕೂದಲೆಳೆಗಿಂತಲೂ ಸಪೂರ. ರಕ್ತದಲ್ಲಿ ಸಕ್ಕರೆಯ ಅಂಶ ವರ್ಷಾನುಗಟ್ಟಲೆ ಹೆಚ್ಚಾಗಿದ್ದರೆ ಈ ನಾಳಗಳ ಗೋಡೆ ದುರ್ಬಲವಾಗುತ್ತದೆ. ಅಲ್ಲಲ್ಲಿ ಸಣ್ಣ ಗುಳ್ಳೆಗಳಂತೆ ಉಬ್ಬಿ, ರಕ್ತ ಮತ್ತು ನೀರಿನಂಶ ಸೋರತೊಡಗುತ್ತದೆ. ಇದನ್ನೇ ವೈದ್ಯರು 'ಡಯಾಬಿಟಿಕ್ ರೆಟಿನೋಪತಿ' ಎಂದು ಕರೆಯುತ್ತಾರೆ.

ಅಕ್ಷಿಪಟದ ನಡುಭಾಗವಾದ ಮ್ಯಾಕುಲಾದಲ್ಲಿ ನೀರು ತುಂಬಿದರೆ ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿನವರ ಮುಖ ಗುರುತಿಸುವುದು ಕಷ್ಟವಾಗುತ್ತದೆ. ಕಾಯಿಲೆ ಇನ್ನೂ ಮುಂದುವರಿದರೆ ಕೆಲವು ನಾಳಗಳು ಮುಚ್ಚಿಹೋಗಿ, ಅವುಗಳ ಬದಲಿಗೆ ಹೊಸ ನಾಳಗಳು ಹುಟ್ಟಿಕೊಳ್ಳುತ್ತವೆ. ಇವು ತೀರಾ ದುರ್ಬಲ. ಒಡೆದರೆ ಕಣ್ಣಿನೊಳಗೆ ರಕ್ತಸ್ರಾವವಾಗುತ್ತದೆ. ಅವುಗಳೊಂದಿಗೆ ಬೆಳೆಯುವ ನಾರಿನಂತಹ ಅಂಶವು ಅಕ್ಷಿಪಟವನ್ನೇ ಎಳೆದು ಬೇರ್ಪಡಿಸಬಹುದು. ಶಾಶ್ವತ ಕುರುಡುತನಕ್ಕೆ ಇದೇ ದಾರಿ.

ಯಾರು, ಯಾವಾಗ ಪರೀಕ್ಷಿಸಿಕೊಳ್ಳಬೇಕು?

ವಯಸ್ಕರಲ್ಲಿ ಸಾಮಾನ್ಯವಾಗಿ ಕಂಡುಬರುವ ಎರಡನೇ ವಿಧದ ಸಕ್ಕರೆ ಕಾಯಿಲೆಯವರು, ಕಾಯಿಲೆ ಇದೆಯೆಂದು ತಿಳಿದ ಕೂಡಲೇ ಮೊದಲ ಪರೀಕ್ಷೆ ಮಾಡಿಸಿಕೊಳ್ಳಬೇಕು. ಏಕೆಂದರೆ ಅದು ಪತ್ತೆಯಾಗುವ ಮುಂಚೆಯೇ ಹಲವು ವರ್ಷಗಳಿಂದ ದೇಹದಲ್ಲಿ ಇದ್ದಿರಬಹುದು. ಆ ಬಳಿಕ ವರ್ಷಕ್ಕೊಮ್ಮೆ ಪರೀಕ್ಷೆ ತಪ್ಪಿಸಬಾರದು.

ಮಕ್ಕಳಲ್ಲಿ ಮತ್ತು ಯುವಜನರಲ್ಲಿ ಹೆಚ್ಚಾಗಿ ಕಾಣಿಸುವ, ಆರಂಭದಿಂದಲೇ ಇನ್ಸುಲಿನ್ ಬೇಕಾಗುವ ಮೊದಲ ವಿಧದಲ್ಲಿ, ಕಾಯಿಲೆ ಶುರುವಾದ ಐದು ವರ್ಷಗಳೊಳಗೆ ಮೊದಲ ಪರೀಕ್ಷೆ ಆಗಬೇಕು. ಅನಂತರ ಇವರಿಗೂ ವರ್ಷಕ್ಕೊಮ್ಮೆ.

ಮೊದಲೇ ಸಕ್ಕರೆ ಕಾಯಿಲೆ ಇರುವ ಮಹಿಳೆಯರು ಗರ್ಭ ಧರಿಸುವ ಮುನ್ನ ಅಥವಾ ಮೊದಲ ಮೂರು ತಿಂಗಳೊಳಗೆ ಕಣ್ಣು ತೋರಿಸಬೇಕು. ಗರ್ಭಾವಸ್ಥೆಯಲ್ಲಿ ಅಕ್ಷಿಪಟದ ಹಾನಿ ಬೇಗನೆ ಹೆಚ್ಚುವ ಸಂಭವವಿದೆ.

ಹಾನಿ ಈಗಾಗಲೇ ಕಂಡುಬಂದಿದ್ದರೆ ಆರು ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಎಂಬುದನ್ನು ವೈದ್ಯರೇ ಹೇಳುತ್ತಾರೆ. ಕಣ್ಣ ಮುಂದೆ ಹಠಾತ್ತನೆ ಕಪ್ಪು ಚುಕ್ಕೆಗಳು ತೇಲಿದರೆ, ಮಿಂಚು ಹೊಡೆದಂತಾದರೆ, ಪರದೆ ಇಳಿದಂತೆ ಕತ್ತಲಾದರೆ ಮುಂದಿನ ತಾರೀಖಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಪರೀಕ್ಷೆ ಹೇಗಿರುತ್ತದೆ?

ಮೊದಲು ಅಕ್ಷರಗಳ ಫಲಕ ಓದಿಸುತ್ತಾರೆ. ಕಣ್ಣಿನ ಒತ್ತಡ ಅಳೆಯುತ್ತಾರೆ. ನಂತರ ಕಣ್ಣಿಗೆ ಔಷಧದ ಹನಿ ಹಾಕಿ, ಪಾಪೆ ಹಿಗ್ಗಲು ಅರ್ಧ ಗಂಟೆಯಷ್ಟು ಕಾಯಿಸುತ್ತಾರೆ. ಪಾಪೆ ತೆರೆದ ಬಾಗಿಲಿನಂತೆ ಅಗಲವಾದಾಗ ವೈದ್ಯರು ಬೆಳಕು ಹಾಯಿಸಿ ಅಕ್ಷಿಪಟವನ್ನು ನೋಡುತ್ತಾರೆ. ಕೆಲವೆಡೆ ವಿಶೇಷ ಕ್ಯಾಮರಾದಿಂದ ಅದರ ಫೋಟೊ ತೆಗೆಯುತ್ತಾರೆ. ನೋವೇನೂ ಇಲ್ಲ. ಆದರೆ ಮುಂದಿನ ಕೆಲವು ಗಂಟೆ ಹತ್ತಿರದ್ದು ಮಸುಕಾಗಿ, ಬಿಸಿಲು ಕಣ್ಣಿಗೆ ಕುಕ್ಕುತ್ತದೆ. ಆದ್ದರಿಂದ ಸ್ಕೂಟರ್ ಬಿಟ್ಟುಕೊಂಡು ಹೋಗಬೇಡಿ. ಜೊತೆಗೊಬ್ಬರಿರಲಿ, ಕಪ್ಪು ಕನ್ನಡಕವಿರಲಿ. ತೆಗೆದುಕೊಳ್ಳುವ ಮಾತ್ರೆಗಳ ಚೀಟಿ, ಇತ್ತೀಚಿನ ರಕ್ತ ಪರೀಕ್ಷೆಯ ವರದಿ ಕೈಯಲ್ಲಿರಲಿ.

ನಾವು ಕೇಳುವ ಕೆಲವು ಮಾತುಗಳು

'ಮೊನ್ನೆಯಷ್ಟೇ ಅಂಗಡಿಯಲ್ಲಿ ಕಣ್ಣು ಟೆಸ್ಟ್ ಮಾಡಿಸಿ ಕನ್ನಡಕ ತೆಗೊಂಡೆ.' ಕನ್ನಡಕದ ನಂಬರ್ ನೋಡುವುದು ಬೇರೆ, ಅಕ್ಷಿಪಟ ನೋಡುವುದು ಬೇರೆ. ನಂಬರ್ ಸರಿಯಾಗಿದ್ದೂ ಅಕ್ಷಿಪಟ ಹಾಳಾಗಿರಬಹುದು. ಇನ್ನೊಂದು ವಿಷಯ: ರಕ್ತದ ಸಕ್ಕರೆ ಏರಿಳಿದಂತೆ ಕನ್ನಡಕದ ನಂಬರ್ ಕೂಡ ಬದಲಾಗುತ್ತದೆ. ಸಕ್ಕರೆ ಹತೋಟಿಗೆ ಬಂದ ಮೇಲೆಯೇ ಹೊಸ ಕನ್ನಡಕ ಮಾಡಿಸುವುದು ಉತ್ತಮ.

'ವಯಸ್ಸಾಯಿತು, ಪೊರೆ ಬಂದಿರಬೇಕು.' ಸಕ್ಕರೆ ಕಾಯಿಲೆಯವರಿಗೆ ಪೊರೆ ಬೇಗ ಬರುವುದು ನಿಜ. ಆದರೆ ಮಸುಕಿಗೆಲ್ಲ ಪೊರೆಯೇ ಕಾರಣವಲ್ಲ. ರೋಗಿಗಳಿಗೆ ಪರಮಪ್ರಸಾದ ಒಯ್ಯುವಾಗ, ಪ್ರಾರ್ಥನಾ ಪುಸ್ತಕ ಓದುವುದನ್ನೇ ಬಿಟ್ಟಿರುವ ಹಿರಿಯರನ್ನು ನಾವು ಕಾಣುತ್ತೇವೆ. 'ಪ್ರಾಯದ ದೋಷ' ಎಂದು ಅವರೂ ಮನೆಯವರೂ ಒಪ್ಪಿಕೊಂಡುಬಿಟ್ಟಿರುತ್ತಾರೆ. ಮಕ್ಕಳು ಗಲ್ಫ್‌ನಲ್ಲಿದ್ದು ತಂದೆತಾಯಿ ಇಬ್ಬರೇ ಇರುವ ಮನೆಗಳಲ್ಲಿ ಇದನ್ನು ಪ್ರಶ್ನಿಸುವವರೂ ಇಲ್ಲ.

'ನನ್ನ ಶುಗರ್ ಕಂಟ್ರೋಲಿನಲ್ಲಿದೆ.' ಬಹಳ ಒಳ್ಳೆಯದು. 1993ರಲ್ಲಿ ಪ್ರಕಟವಾದ ಅಮೆರಿಕ ಮತ್ತು ಕೆನಡಾದ ದೊಡ್ಡ ಅಧ್ಯಯನವೊಂದು, ಮೊದಲ ವಿಧದ ಕಾಯಿಲೆಯವರು ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಅಕ್ಷಿಪಟದ ಹಾನಿ ಆರಂಭವಾಗುವ ಸಂಭವ ಶೇಕಡಾ 76ರಷ್ಟು ಕಡಿಮೆಯಾಗುತ್ತದೆಂದು ತೋರಿಸಿತು. ಆದರೂ ಅಪಾಯ ಸೊನ್ನೆಯಾಗುವುದಿಲ್ಲ. ಕಾಯಿಲೆಗೆ ವರ್ಷ ಹೆಚ್ಚಾದಂತೆ ಅಪಾಯವೂ ಹೆಚ್ಚು. ರಕ್ತದೊತ್ತಡ, ಕೊಲೆಸ್ಟರಾಲ್, ಮೂತ್ರಪಿಂಡದ ತೊಂದರೆ, ಧೂಮಪಾನ ಇವೂ ಇದಕ್ಕೆ ಸೇರಿಕೊಳ್ಳುತ್ತವೆ.

'ಕಣ್ಣಿಗೆ ಇಂಜೆಕ್ಷನ್ ಕೊಡುತ್ತಾರಂತೆ, ಹೆದರಿಕೆಯಾಗುತ್ತದೆ.' ಪರೀಕ್ಷೆಗೆ ಹೋದವರಿಗೆಲ್ಲ ಇಂಜೆಕ್ಷನ್ ಬೇಕಾಗುವುದಿಲ್ಲ. ಆರಂಭದ ಹಂತದಲ್ಲಿ ಸಕ್ಕರೆ, ರಕ್ತದೊತ್ತಡ ಹತೋಟಿಯಲ್ಲಿಟ್ಟು ಗಮನಿಸುತ್ತಿದ್ದರೆ ಸಾಕಾಗುತ್ತದೆ. ಅಗತ್ಯವಿದ್ದರೆ ಲೇಸರ್ ಇದೆ, ನೀರು ತುಂಬುವುದನ್ನು ತಗ್ಗಿಸುವ ಇಂಜೆಕ್ಷನ್ ಇದೆ, ಕೊನೆಯದಾಗಿ ಶಸ್ತ್ರಚಿಕಿತ್ಸೆಯೂ ಇದೆ. ಇಂಜೆಕ್ಷನ್‌ಗೆ ಮುನ್ನ ಕಣ್ಣನ್ನು ಮರಗಟ್ಟಿಸುತ್ತಾರೆ. ಲೇಸರ್‌ನ ಉದ್ದೇಶ ಮುಖ್ಯವಾಗಿ ಉಳಿದಿರುವ ದೃಷ್ಟಿಯನ್ನು ಕಾಪಾಡುವುದು. ಬೇಗ ಹೋದಷ್ಟೂ ಕಾಪಾಡಲು ಹೆಚ್ಚು ಉಳಿದಿರುತ್ತದೆ.

ಧರ್ಮಕೇಂದ್ರಗಳು ಏನು ಮಾಡಬಹುದು?

1880ರಲ್ಲಿ ಕಂಕನಾಡಿಯಲ್ಲಿ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ ಅವರು ರೋಗಿಗಳಿಗೆ ಹೋಮಿಯೋಪಥಿ ಔಷಧ ಕೊಡಲು ಆರಂಭಿಸಿದ ಸೇವೆ ಇಂದು ವೈದ್ಯಕೀಯ ಕಾಲೇಜು ಆಸ್ಪತ್ರೆಯಾಗಿ ಬೆಳೆದಿದೆ. ರೋಗಿಗಳ ಸೇವೆ ನಮ್ಮ ಧರ್ಮಸಭೆಗೆ ಹೊಸತಲ್ಲ. ಆಸ್ಪತ್ರೆ ಕಟ್ಟಲು ಎಲ್ಲರಿಂದಲೂ ಆಗದು, ಆದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಯಾರಿಂದಲೂ ಆದೀತು.

ಪ್ರತಿ ವಾಳೆಯ ಗುರಿಕಾರರು ಸಕ್ಕರೆ ಕಾಯಿಲೆ ಇರುವ ಹಿರಿಯರನ್ನು ಭೇಟಿಯಾಗಿ, ಕಳೆದ ಒಂದು ವರ್ಷದಲ್ಲಿ ಅಕ್ಷಿಪಟದ ಪರೀಕ್ಷೆ ಆಗಿದೆಯೇ ಎಂದು ಕೇಳಲಿ. ಕಾಯಿಲೆಯ ವಿಷಯ ಅವರವರ ಖಾಸಗಿ ಸಂಗತಿಯಾದ್ದರಿಂದ ಹೆಸರುಗಳನ್ನು ಬಹಿರಂಗವಾಗಿ ಓದುವುದು ಬೇಡ. ಐಸಿವೈಎಂ ಯುವಜನರು ಒಂಟಿಯಾಗಿರುವವರನ್ನು ಕರೆದೊಯ್ದು ಮನೆಗೆ ತಲುಪಿಸಲಿ. ಖರ್ಚಿಗೆ ಕಷ್ಟವಿರುವವರಿಗೆ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆ ನೆರವಾಗಲಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡ್ ಇರುವವರು ತಮಗೆ ಬೇಕಾದ ಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಲಿ.

ನೇತ್ರ ಶಿಬಿರ ಏರ್ಪಡಿಸುವ ಆರೋಗ್ಯ ಆಯೋಗದವರಲ್ಲಿ ನಮ್ಮದೊಂದು ವಿನಂತಿ. ಪೊರೆ ತಪಾಸಣೆ, ಕನ್ನಡಕ ವಿತರಣೆಯಷ್ಟಕ್ಕೇ ನಿಲ್ಲಿಸದೆ, ಸಕ್ಕರೆ ಕಾಯಿಲೆಯವರ ಅಕ್ಷಿಪಟದ ಪರೀಕ್ಷೆಯೂ ಇರಲಿ ಎಂದು ಆಸ್ಪತ್ರೆಯವರಲ್ಲಿ ಮುಂಚಿತವಾಗಿ ಕೇಳಿಕೊಳ್ಳಿ. ತೊಂದರೆ ಕಂಡುಬಂದವರು ಮುಂದಿನ ಚಿಕಿತ್ಸೆಗೆ ಹೋದರೇ ಎಂದು ಒಂದು ತಿಂಗಳ ಬಳಿಕ ವಿಚಾರಿಸಿ. ಶಿಬಿರದ ಫೋಟೊ ಕಳುಹಿಸುವಷ್ಟೇ ಮುತುವರ್ಜಿ ಇದರಲ್ಲೂ ಇರಲಿ.

ನವೆಂಬರ್ 14 ವಿಶ್ವ ಮಧುಮೇಹ ದಿನ. ಡಿಸೆಂಬರ್ 13 ಕಣ್ಣಿನ ರೋಗಿಗಳ ಪಾಲಕಿ ಸಂತ ಲೂಸಿಯ ಹಬ್ಬ. ಈ ಎರಡು ದಿನಗಳ ನಡುವಿನ ಒಂದು ತಿಂಗಳನ್ನು ಪ್ರತಿ ವರ್ಷ ನೇತ್ರ ಪರೀಕ್ಷೆಗೆಂದು ಮೀಸಲಿಟ್ಟರೆ ನೆನಪಿಡುವುದು ಸುಲಭ. ಆದರೆ ಒಂದು ವರ್ಷದಿಂದ ಪರೀಕ್ಷೆ ಆಗದವರು ನವೆಂಬರ್‌ಗೆ ಕಾಯಬಾರದು, ಈ ವಾರವೇ ಹೋಗಬೇಕು.

ಬೆತ್ಸಾಯಿದದ ಕುರುಡನನ್ನು ಯೇಸುಸ್ವಾಮಿ ಗುಣಪಡಿಸಿದ ಪ್ರಸಂಗ ಸಂತ ಮಾರ್ಕನ ಶುಭಸಂದೇಶದ ಎಂಟನೇ ಅಧ್ಯಾಯದಲ್ಲಿದೆ. ಅವನನ್ನು ಪ್ರಭುವಿನ ಬಳಿಗೆ ಕರೆತಂದವರು ಊರಿನ ಜನರು. ಅವರ ಹೆಸರು ನಮಗೆ ತಿಳಿಯದು, ಅವನನ್ನು ಕರೆತಂದರು ಎಂಬುದು ತಿಳಿದಿದೆ. ನಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಒಬ್ಬರನ್ನಾದರೂ ಹಾಗೆ ಕರೆದುಕೊಂಡು ಹೋಗೋಣ. ದೇವರು ಕೊಟ್ಟ ದೃಷ್ಟಿಯನ್ನು ಜೋಪಾನ ಮಾಡುವುದೂ ಅವರಿಗೆ ನಾವು ಸಲ್ಲಿಸುವ ಕೃತಜ್ಞತೆಯೇ.